ಹೊನ್ನಾಳಿ ಬಂಗಲೆಯ ಬೋರ್ಡು

ಜಗಳೂರು
19 ಜುಲೈ 1981

ಅಪ್ಪನಿಗೆ ನಮಸ್ಕಾರ.

ತೀರ್ಥರೂಪು, ಪಾದಾರವಿಂದ ಎಂದೆಲ್ಲ ಬರೆದರೆ ನೀನು ನಗುತ್ತೀಯ ಎಂದು ನೇರವಾಗಿ ವಿಷಯಕ್ಕೆ ಬರುತ್ತೇನೆ. ಇದು ನಾನು ಬರೆಯುತ್ತಿರುವ ನಾಲ್ಕನೆಯ ಪತ್ರ. ಮೊದಲ ಮೂರಕ್ಕೆ ಉತ್ತರವಿಲ್ಲ. ತಪ್ಪು ಅಂಚೆ ತಂತಿ ಇಲಾಖೆಯದು ಎನ್ನೋಣವೆಂದರೆ ಅದು ನನಗೆ ಅನ್ನ ಹಾಕುವ ಇಲಾಖೆ. ಹಾಗಾಗಿ ತಪ್ಪು ನಿನ್ನದೇ ಎಂದು ತೀರ್ಮಾನಿಸಿದ್ದೇನೆ.

ಕೆಲಸ ಚೆನ್ನಾಗಿದೆ. ಮೂಕಮ್ಮ ಎಂದು ನೀನು ಹೆಸರಿಟ್ಟ ಮಗಳು ದಿನಕ್ಕೆ ಎಂಟು ತಾಸು ಮಾತಾಡಿ ಸಂಬಳ ತೆಗೆದುಕೊಳ್ಳುತ್ತಾಳೆ. ನಮ್ಮ ಸೂಪರ್‌ವೈಸರ್ ಅಂತರಘಟ್ಟಮ್ಮನವರು ನನ್ನ ಹೆಸರು ಕೇಳಿದ ದಿನ, “ಟೆಲಿಫೋನ್ ಆಫೀಸಿಗೆ ಮೂಕಮ್ಮನ್ನ ಕಳಿಸ್ಯಾರಲ್ಲ, ಇವ್ರಿಗೆ ತಲೆ ಐತೇನು?” ಎಂದಿದ್ದರು. ಈಗ ಅವರೇ, “ಸ್ವಲ್ಪ ಬಾಯಿ ಮುಚ್ಚೇ ತಾಯಿ” ಎನ್ನುತ್ತಾರೆ.

ಯುಗಾದಿಯ ಮರುದಿನ ನಾನಾಡಿದ ಮಾತು ನಿನಗೆ ಚುಚ್ಚಿದೆ ಎಂದು ಗೊತ್ತು. ನಿನ್ನ ಇಲಾಖೆಯಲ್ಲೇ ಜವಾನಿಕೆ ಕೊಡಿಸುತ್ತೇನೆ, ಸಾಹೇಬರ ಕಾಲು ಹಿಡಿದಿದ್ದೇನೆ ಎಂದು ನೀನು ಹೇಳಿದೆ. ನಾನು ಒಲ್ಲೆ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. “ಇಪ್ಪತ್ತೆರಡು ವರ್ಷದಿಂದ ಆ ಬಂಗಲೆ ಕುರ್ಚಿ ಒರೆಸ್ತೀಯಲ್ಲಪ್ಪ, ಒಂದಿನಾನಾದ್ರೂ ಅದರ ಮೇಲೆ ಕುಂತೀಯೇನು?” ಎಂದು ಕೇಳಿಬಿಟ್ಟೆ. ಕೇಳಿದ್ದು ತಪ್ಪು ಎಂದು ಬರೆಯಲು ಕೂತರೆ ಕೈ ಓಡುವುದಿಲ್ಲ. ಕೇಳಿದ ದನಿ ಮಾತ್ರ ತಪ್ಪು. ಅದಕ್ಕೆ ಕ್ಷಮಿಸು.

ಇನ್ನೊಂದು ವಿಷಯ. ನಿನ್ನೆ ನಮ್ಮ ಆಫೀಸಿನ ಎದುರಿಗೇ ಒಂದು ಟೂರಿಸ್ಟ್ ಬಸ್ಸು ಪಂಕ್ಚರಾಗಿ ನಿಂತಿತು. ಆಂಧ್ರದ ಧರ್ಮಾವರದ ಕಡೆಯ ನೇಕಾರರು. ಡ್ರೈವರು, ಮಕ್ಕಳು, ಮುದುಕರು ಎಲ್ಲ ಸೇರಿ ನಲವತ್ತೊಂದು ಜನ ಜೋಗ ನೋಡಲು ಹೊರಟಿದ್ದಾರೆ. ಅವರ ಹಿರಿಯರು ಓಬುಳಪ್ಪ ಎಂಬುವರು ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಲು ಒಳಗೆ ಬಂದರು. ಅವರ ಊರಲ್ಲಿ ಹೊಳೆ ಎಂದರೆ ಬರೀ ಮರಳಂತೆ. ಮಗ್ಗದ ಮುಂದೆ ಕೂತು ಕೂತು ಎಲ್ಲರಿಗೂ ಒಮ್ಮೆ ಕಣ್ತುಂಬ ನೀರು ನೋಡುವ ಆಸೆಯಂತೆ. ಮಳೆ ಜೋರಿದೆ, ದಾರಿಯಲ್ಲಿ ತೊಂದರೆಯಾದರೆ ಹೊನ್ನಾಳಿಯ ಪ್ರವಾಸಿ ಮಂದಿರಕ್ಕೆ ಹೋಗಿ, ಅಲ್ಲಿ ನಮ್ಮಪ್ಪ ಇದ್ದಾನೆ ಎಂದು ಹೇಳಿದೆ. ಬಂಗಲೆ ನಮ್ಮ ಸ್ವಂತದ್ದು ಎನ್ನುವ ಹಾಗೆ ಹೇಳಿದೆನೋ ಏನೋ. ಬಂದರೆ ಟೀ ಕೊಡು.

ನಿನ್ನ ಮಗಳು,
ಮೂಕಮ್ಮ


ಹೊನ್ನಾಳಿ
28 ಜುಲೈ 1981

ಮೂಕಮ್ಮನಿಗೆ ಆಶೀರ್ವಾದ.

ಟೀ ಕೊಡು ಎಂದು ಬರೆದಿದ್ದೀಯ. ನಿನ್ನ ಪತ್ರ ನನ್ನ ಕೈಸೇರಿದ್ದು ನಿನ್ನೆ. ಅಷ್ಟರಲ್ಲಿ ಆ ನಲವತ್ತೊಂದು ಜನಕ್ಕೆ ಐದು ದಿನ ಟೀ, ಊಟ, ಹಾಸಿಗೆ, ಬೈಗುಳ ಎಲ್ಲ ಕೊಟ್ಟು ಕಳಿಸಿಯಾಗಿದೆ.

ನೀನು ಅಲ್ಲಿ ಪತ್ರ ಬರೆಯುತ್ತಿದ್ದ ಭಾನುವಾರವೇ ಇಲ್ಲಿ ಹೊಳೆ ಏರಿತು. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲು ಮುಳುಗಿತ್ತು. ಮಧ್ಯಾಹ್ನದ ಹೊತ್ತಿಗೆ ಸೇತುವೆಯ ಆಚೆ ಗೋವಿನಕೋವಿ ಕಡೆಯ ರಸ್ತೆಯೇ ಕಾಣಲಿಲ್ಲ. ಆಗ ಬಂತು ನಿನ್ನ ಬಸ್ಸು. ಅವರು ದಾಟಿ ಬಂದ ಮೇಲೆ ಹಿಂದೆ ದಾವಣಗೆರೆ ರಸ್ತೆಯ ಹಳ್ಳವೂ ಉಕ್ಕಿತು. ಮುಂದಕ್ಕೆ ಹೋಗುವ ಹಾಗಿಲ್ಲ, ಹಿಂದಕ್ಕೆ ತಿರುಗುವ ಹಾಗಿಲ್ಲ. ಸುರಿಯುವ ಮಳೆಯಲ್ಲಿ ಎಲ್ಲರೂ ಇಳಿದು ನಮ್ಮ ಮೆಟ್ಟಿಲ ಮುಂದೆ ನಿಂತರು.

ಬಂಗಲೆಯ ಕೋಣೆ ತೆಗೆಯಬೇಕಾದರೆ ಮೇಲಿನ ಕಚೇರಿಯ ಚೀಟಿ ಬೇಕು ಎಂದು ನಿನಗೆ ಗೊತ್ತು. ಬಂಗಲೆ ಕಾಯುವ ಮೇಟಿಯಾಗಿ ಚೀಟಿ ಇಲ್ಲದೆ ನಾನು ಕಿಟಕಿಯನ್ನೂ ತೆಗೆದವನಲ್ಲ. ಫೋನ್ ಎತ್ತಿದೆ, ಸದ್ದಿಲ್ಲ. ಓಬುಳಪ್ಪ ತಲೆಯೆತ್ತಿ ನಮ್ಮ ಬೋರ್ಡು ನೋಡಿದರು. ತೆಲುಗು ಲಿಪಿಗೂ ನಮ್ಮದಕ್ಕೂ ಅಂಥ ದೂರವಿಲ್ಲವಲ್ಲ, ಒಂದೊಂದೇ ಅಕ್ಷರ ಕೂಡಿಸಿಕೊಂಡು “ಪ್ರ, ವಾ, ಸಿ, ಮಂದಿರ” ಎಂದು ಓದಿ ನನ್ನ ಮುಖ ನೋಡಿದರು. “ನಾವು ಪ್ರವಾಸಿಗಳೇ ಅಲ್ವಾ ಸಾಮಿ? ಜಗಳೂರಿನಾಗೆ ನಿಮ್ಮ ಮಗಳು ಹೇಳೈತೆ” ಎಂದರು. ಚೀಟಿ ಇಲ್ಲದೆ ತೆಗೆದರೆ ಕೆಲಸಕ್ಕೆ ಕುತ್ತು ಎಂದು ಗೊತ್ತಿದ್ದೇ ಬೀಗದ ಕೈ ತಂದೆ.

ಮೊದಲ ಕಷ್ಟ ಡ್ರೈವರಿನದು. ಒಂದು ಲಾರಿ ಸೇತುವೆ ಮೇಲೆ ಹೋಯಿತು, ನಾನೂ ಹೋಗುತ್ತೇನೆ ಎಂದು ಕುಣಿದ. “ಲಾರಿ ಹೋಗಿದ್ದು ನೋಡೀಯ, ಆಚೆ ದಡ ಹತ್ತಿದ್ದು ನೋಡೀಯೇನು?” ಎಂದೆ. ಟೀ ಕುಡಿಯಲು ಒಳಗೆ ಕರೆದು, ಬಸ್ಸಿನ ಕೀಲಿ ಇಸಿದುಕೊಂಡು ಬಂಗಲೆಯ ಕೀಲಿಗಳ ಜೊತೆ ಗೋಡೆಯ ಮೊಳೆಗೆ ಹಾಕಿ ಆ ಕೋಣೆಗೆ ಬೀಗ ಜಡಿದೆ. ಅವನು ಬಾಯಿಗೆ ಬಂದಂತೆ ಬೈದ. ತೆಲುಗಾದ್ದರಿಂದ ಅರ್ಧ ಮಾತ್ರ ನನಗೆ ತಾಗಿತು. ಆ ಲಾರಿ ಆಚೆ ತಗ್ಗಿನಲ್ಲಿ ಮಗುಚಿ, ಅದರ ಡ್ರೈವರು ಜಾಲಿ ಮರ ತಬ್ಬಿಕೊಂಡು ಜೀವ ಉಳಿಸಿಕೊಂಡ ಸುದ್ದಿ ಸೋಮವಾರ ಬಂತು. ಅವತ್ತಿನಿಂದ ನಮ್ಮ ಡ್ರೈವರು ನಿನ್ನವ್ವನಿಗೆ ನೀರು ಹೊತ್ತುಕೊಟ್ಟ.

ಎರಡನೆಯ ಕಷ್ಟ ಎಣಿಕೆಯದು. ಹೊಳೆಯನ್ನೇ ಕಾಣದ ಜನ, ಬಿಟ್ಟರೆ ದಡಕ್ಕೆ ಓಡುವರು. ಹಳೆಯ ಪೆಟ್ಟಿಗೆಯಲ್ಲಿ ರಸ್ತೆ ಗ್ಯಾಂಗಿನ ಕೂಲಿಗಳಿಗೆ ಕೊಡುತ್ತಿದ್ದ ನಂಬರಿನ ಹಿತ್ತಾಳೆ ಬಿಲ್ಲೆಗಳಿದ್ದವು. ಒಬ್ಬೊಬ್ಬರ ಕೊರಳಿಗೂ ಒಂದೊಂದು ದಾರ ಕಟ್ಟಿ ಹಾಕಿದೆ. ಮೆಟ್ಟಿಲು ಇಳಿಯುವವರು ಬಿಲ್ಲೆಯನ್ನು ನಿನ್ನವ್ವ ಗಿಡ್ಡಮ್ಮನ ಕೈಗೆ ಕೊಟ್ಟು ಹೋಗಬೇಕು, ಬಂದು ಇಸಿದುಕೊಳ್ಳಬೇಕು. ಅವಳ ಕೈಯಲ್ಲಿ ಬಿಲ್ಲೆ ಉಳಿದಿದ್ದರೆ ಯಾರೋ ಹೊರಗಿದ್ದಾರೆ ಎಂದು ಅರ್ಥ. ಮಂಗಳವಾರ ಊಟದ ಸಾಲು ಎಣಿಸಿದರೆ ನಲವತ್ತೆರಡು ಬಂತು. ಕಡಿಮೆಯಾದರೆ ಹುಡುಕಬಹುದು, ಹೆಚ್ಚಾದರೆ ಏನು ಮಾಡುವುದು? ಮೂರು ಸಲ ಎಣಿಸಿದ ಮೇಲೆ ಸಿಕ್ಕವನು ನಮ್ಮ ಬೀದಿಯ ಹಾಲೇಶಪ್ಪ, ಕೊರಳಲ್ಲಿದ್ದ ತಾಯಿತದ ದಾರವನ್ನು ನಾನು ಬಿಲ್ಲೆಯ ದಾರ ಎಂದುಕೊಂಡಿದ್ದೆ. “ಪಲ್ಯದ ವಾಸನೆ ನಮ್ಮನೆ ತನಕ ಬಂತು, ತಡೆಯಾಕೆ ಆಗ್ಲಿಲ್ಲ” ಎಂದ.

ಅಕ್ಕಿ ರಾಗಿಯನ್ನು ಅಡಿಕೆ ಮಂಡಿಯ ಜಯದೇವಪ್ಪನವರು ಕೇಳುವ ಮೊದಲೇ ಕಳಿಸಿದರು. ಬೇಯಿಸುವುದು ಯಾರು? ಸಾಹೇಬರುಗಳ ಅಡುಗೆಗೆ ಊರೊಳಗಿಂದ ಬೇರೆಯವರು ಬರುತ್ತಾರೆ, ನಿನ್ನವ್ವ ಆ ಒಲೆ ಹಚ್ಚಿದವಳಲ್ಲ. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಬೀದಿಗೆ ನೀರು ನುಗ್ಗಿ ಅವರು ಬರಲಿಲ್ಲ. ಗಿಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಮೊದಲ ಊಟಕ್ಕೆ ನಾಲ್ಕೈದು ಜನ ಕೈಹಚ್ಚದೆ ಕೂತರು. ಓಬುಳಪ್ಪನವರ ತಾಯಿ, ಹಣ್ಣು ಹಣ್ಣು ಮುದುಕಿ, ಮುದ್ದೆ ಮುರಿದು ಉಂಡು, ಇದು ನಮ್ಮ ಸಂಗಟಿಯೇ ಎಂದು ಇನ್ನೊಂದು ಹಾಕಿಸಿಕೊಂಡಳು. ರಾತ್ರಿ ಎಲ್ಲರೂ ಉಂಡರು. ನಿನ್ನವ್ವ ಪಾತ್ರೆ ತೊಳೆಯುವಾಗ ಹಾಡಿಕೊಳ್ಳುತ್ತಿದ್ದಳು.

ನೀರು ಹಿಂದೆ ಹೊಳೆಗೆ ಇಳಿಯುವ ನಮ್ಮ ಮೆಟ್ಟಿಲಿನ ಏಳನೆಯದರ ತನಕ ಬಂತು. ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾಸಿಗೊಮ್ಮೆ ನೋಡುತ್ತಿದ್ದೆ. ಒಂಬತ್ತು ಮುಟ್ಟಿದರೆ ಎಲ್ಲರನ್ನೂ ಮೇಲಿನ ಶಾಲೆಗೆ ಸಾಗಿಸುವುದೆಂದು ದಾರಿಯನ್ನೂ ನೋಡಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಎಂಟು ಮುಟ್ಟಲಿಲ್ಲ. ಶುಕ್ರವಾರ ಬೆಳಿಗ್ಗೆ ಸೇತುವೆ ತೆರೆಯಿತು, ಕುಡಿಯಲು ಕಾಯಿಸಿದ ನೀರು ಡಬ್ಬಗಳಲ್ಲಿ ತುಂಬಿಸಿ ಕಳಿಸಿದೆ. ಜೋಗ ಇನ್ನು ಬೇಡ, ನೀರು ನೋಡಿದ್ದು ಸಾಕು ಎಂದು ಅರ್ಧ ಜನ ಅಂದರು. ಮುದುಕಿ ಮಾತ್ರ ಹೋಗಲೇಬೇಕು ಎಂದಳು, ಹೋದರು. ಹದಿನೇಳನೇ ನಂಬರಿನ ಬಿಲ್ಲೆ ಸಿಕ್ಕಿಲ್ಲ.

ನಡುವೆ ಗುರುವಾರ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ಹೋದರು. ಅವರ ವಿಷಯ ಈಗ ಬೇಡ.

ನಿನ್ನ ಪತ್ರಗಳು ನಾಲ್ಕೂ ಬಂದಿವೆ.

ಚಿಕ್ಕಹನುಮಂತಪ್ಪ, ಮೇಟಿ,
ಬಂಗಲೆ, ಹೊನ್ನಾಳಿ


ಜಗಳೂರು
3 ಆಗಸ್ಟ್ 1981

ಅಪ್ಪ,

ನಿನ್ನ ಪತ್ರವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಹಾಲೇಶಪ್ಪನ ಭಾಗ ಬಂದಾಗ ಅಂತರಘಟ್ಟಮ್ಮನವರು ನಕ್ಕು ನಕ್ಕು ದಾವಣಗೆರೆಯ ಲೈನನ್ನು ಕೊಟ್ಟೂರಿಗೆ ಸಿಕ್ಕಿಸಿದರು.

ನಿನಗೆ ಗೊತ್ತಿಲ್ಲದ ಭಾಗ ಈಗ ನಾನು ಹೇಳುತ್ತೇನೆ. ಹೊನ್ನಾಳಿಯ ಲೈನು ಸತ್ತದ್ದು ನಮಗೂ ತಿಳಿಯಿತು. ಸೋಮವಾರ ಬೆಳಗ್ಗೆಯೇ ಧರ್ಮಾವರದಿಂದ ಕರೆ. ಬಸ್ಸಿನವರು ಕೊನೆಯದಾಗಿ ಮಾತಾಡಿದ್ದು ನಮ್ಮ ಆಫೀಸಿನಿಂದ, ಅವರ ಹತ್ತಿರ ಇದ್ದದ್ದು ನಮ್ಮ ನಂಬರೊಂದೇ. ಹೊಳೆಯಲ್ಲಿ ಒಂದು ಗಾಡಿ ಹೋಯಿತು ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಆ ಕಡೆಯಿಂದ ಒಬ್ಬ ಹೆಂಗಸು ಅಳುತ್ತಾ ತನ್ನ ಮಗಳ ಹೆಸರು ಹೇಳಿದಳು.

ನನಗೆ ಏನೂ ಗೊತ್ತಿರಲಿಲ್ಲ ಅಪ್ಪ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ಅದು ನಮ್ಮ ನಿಯಮ. ಆದರೆ ನಾನು, “ಎಲ್ಲರೂ ಹೊನ್ನಾಳಿಯ ನಮ್ಮಪ್ಪನ ಹತ್ರ ಅದಾರೆ, ಹೊಳೆ ಇಳಿಯೋ ತನಕ ಅವನು ಬಿಡಾದಿಲ್ಲ” ಎಂದುಬಿಟ್ಟೆ. ನಾಲ್ಕು ದಿನ ಅದೇ ಮಾತನ್ನು ಎಷ್ಟು ಜನರಿಗೆ ಹೇಳಿದೆನೋ. ಬಸ್ಸು ನಿನ್ನ ಹತ್ತಿರ ಬಂದಿತ್ತು ಎನ್ನುವುದಕ್ಕೆ ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಬಂದಿದ್ದರೆ ನೀನು ಬಾಗಿಲು ತೆಗೆದಿರುತ್ತೀಯ ಎನ್ನುವುದರಲ್ಲಿ ಮಾತ್ರ ಅನುಮಾನ ಬರಲಿಲ್ಲ. ಚೀಟಿಯ ನೆನಪೇ ನನಗಾಗಲಿಲ್ಲ.

ಆ ಗುರುವಾರದ ಸಾಹೇಬರು ಯಾರು? ಏನೋ ಮುಚ್ಚಿಡುತ್ತಿದ್ದೀಯ.

ಮೂಕಮ್ಮ


ಹೊನ್ನಾಳಿ
21 ಆಗಸ್ಟ್ 1981

ಮೂಕಮ್ಮನಿಗೆ ಆಶೀರ್ವಾದ.

ಮುಚ್ಚಿಟ್ಟದ್ದು ಮೆಮೊ ಆಗಿ ಹೊರಗೆ ಬಂದಿದೆ. ಪರವಾನಗಿ ಇಲ್ಲದ ನಲವತ್ತೊಂದು ಮಂದಿಗೆ ಪರಿವೀಕ್ಷಣಾ ಮಂದಿರದಲ್ಲಿ ಇಳಿದುಕೊಳ್ಳಲು ಬಿಟ್ಟಿದ್ದು, ಬಂದ ಅಧಿಕಾರಿಗೆ ಕೋಣೆ ಕೊಡದೆ ಇದ್ದದ್ದು, ಈ ಎರಡಕ್ಕೆ ನನ್ನ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಕೇಳಿದ್ದಾರೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಇಲ್ಲದಿದ್ದರೆ ಕೆಲಸದಿಂದ ತೆಗೆಯುತ್ತಾರೆ, ಕ್ವಾರ್ಟರ್ಸೂ ಬಿಡಬೇಕು. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು.

ಅವತ್ತು ನಡೆದದ್ದು ಇಷ್ಟು. ಹಳ್ಳ ಸ್ವಲ್ಪ ಇಳಿದ ಮೇಲೆ ಆ ಸಾಹೇಬರು ಜೀಪಿನಲ್ಲಿ ದಾಟಿಕೊಂಡು ಬಂದರು. ಅವರು ಯಾವಾಗಲೂ ಇಳಿಯುವ ಒಂದನೇ ಕೋಣೆಯ ಮಂಚದ ಮೇಲೆ ಓಬುಳಪ್ಪನವರ ತಾಯಿ ಜ್ವರ ಬಂದು ಮಲಗಿದ್ದಳು. ಖಾಲಿ ಮಾಡಿಸು ಎಂದರು. ನಾನು ಕೈಕಟ್ಟಿಕೊಂಡೇ ಹೇಳಿದೆ, “ಅಜ್ಜಿಗೆ ಮೈ ಸುಡ್ತೈತೆ ಸಾರ್. ವರಾಂಡದಾಗೆ ಜಾಗ ಐತೆ, ಒಳ್ಳೇ ಗಾಳಿ ಬರ್ತೈತೆ. ನಾನು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಮಲಗೋದು.” ವ್ಯಂಗ್ಯ ಎಂದುಕೊಂಡರು. ನಾನು ನಿಜವಾಗಿ ಜಾಗದ ಅನುಕೂಲ ಹೇಳಿದ್ದು.

ಚನ್ನಗಿರಿಯಿಂದ ವರ್ಗವಾಗಿ ಬಂದ ಗುಮಾಸ್ತ ನಾಗೇಂದ್ರಪ್ಪ ಒಳ್ಳೆಯವನು. ನನ್ನ ಪರವಾಗಿ ಉತ್ತರ ಬರೆದುಕೊಟ್ಟಿದ್ದಾನೆ. ಅಜ್ಞಾನದಿಂದ ಹೀಗಾಯಿತು, ತಪ್ಪಾಯಿತು, ಇನ್ನು ಮುಂದೆ ಎಂಥ ಸಂದರ್ಭದಲ್ಲೂ ಚೀಟಿ ಇಲ್ಲದೆ ಬಾಗಿಲು ತೆಗೆಯುವುದಿಲ್ಲ ಎಂದು. “ಸೈನ್ ಹಾಕಿಬಿಡು ಹನುಮಂತಪ್ಪ, ಬೈದು ಬಿಡ್ತಾರೆ” ಎನ್ನುತ್ತಾನೆ. ಮೂರು ದಿನದಿಂದ ಅದು ನನ್ನ ಜೇಬಿನಲ್ಲಿದೆ. ಆ ‘ಎಂಥ ಸಂದರ್ಭದಲ್ಲೂ’ ಎನ್ನುವ ಕಡೆ ಬಂದಾಗ ಪೆನ್ನು ನಿಲ್ಲುತ್ತದೆ. ನಿನ್ನವ್ವ ಮಾತ್ರ, “ಏನ್ ತಪ್ಪು ಮಾಡಿದ್ದು ಅಂತ ಬರೀತೀಯ?” ಎಂದು ಒಂದೇ ಸಲ ಕೇಳಿದಳು.

ನೀನು ಗಾಬರಿಯಾಗಬೇಡ. ನಾನು ಆಗಿದ್ದೇನೆ, ಮನೆಗೆ ಒಬ್ಬರು ಸಾಕು.

ಚಿಕ್ಕಹನುಮಂತಪ್ಪ


ಜಗಳೂರು
24 ಆಗಸ್ಟ್ 1981

ಅಪ್ಪ,

ಆ ಕಾಗದಕ್ಕೆ ಸಹಿ ಹಾಕಬೇಡ. ಮೊದಲು ಇದನ್ನು ಓದು.

ಮೆಮೊದಲ್ಲಿ ಪರಿವೀಕ್ಷಣಾ ಮಂದಿರ ಎಂದಿದೆ. ನಮ್ಮ ಬೋರ್ಡಿನಲ್ಲಿ ಪ್ರವಾಸಿ ಮಂದಿರ ಎಂದಿದೆ. ಈ ವ್ಯತ್ಯಾಸಕ್ಕೆ ಕಾರಣ ನಾನು. ಹನ್ನೆರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು, ಈಗ ಹೇಳದಿದ್ದರೆ ಇನ್ನು ಯಾವಾಗ.

ನೆನಪಿದೆಯಾ, ಹಳೆಯ ಬೋರ್ಡು ಗೆದ್ದಲು ತಿಂದಿತ್ತು. ನ್ಯಾಮತಿಯಿಂದ ಪೇಂಟರ್ ತಿಪ್ಪೇಶಪ್ಪ ಬಂದಿದ್ದ. ಅವನಿಗೆ ಬಣ್ಣ ತುಂಬಲು ಬರುತ್ತಿತ್ತು, ಒತ್ತಕ್ಷರ ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ನೀನು ಸೀಮೆಸುಣ್ಣ ಕೊಟ್ಟು, ಕಚೇರಿಯಿಂದ ಬಂದ ಚೀಟಿ ಕೊಟ್ಟು, ಇದನ್ನು ಹಲಗೆಯ ಮೇಲೆ ಬರಿ ಎಂದೆ. ಚೀಟಿಯಲ್ಲಿದ್ದದ್ದು ಪರಿವೀಕ್ಷಣಾ ಮಂದಿರ. ನನಗಾಗ ಹನ್ನೊಂದು ವರ್ಷ. ಮೂರು ಸಲ ಬರೆದೆ, ಮೂರು ಸಲವೂ ‘ಕ್ಷ’ದ ಹತ್ತಿರ ಹಲಗೆ ಮುಗಿಯಿತು. ಪಾಠದಲ್ಲಿ ಪ್ರವಾಸ ಎಂಬ ಪದ ಆಗಷ್ಟೇ ಬಂದಿತ್ತು. ಯಾರಿಗೂ ಹೇಳದೆ ಅದನ್ನು ಬರೆದುಬಿಟ್ಟೆ. ನೀನು ಬಂದು ನೋಡಿ “ಚಲೋ ಐತೆ” ಎಂದೆ. ನಿನಗಾಗ ಓದಲು ಸರಿಯಾಗಿ ಬರುತ್ತಿರಲಿಲ್ಲವಲ್ಲ, ಅದಕ್ಕೇ ಬಚಾವಾದೆ. ನಿನಗೆ ಓದಲು ಬಾರದಿದ್ದುದರ ಲಾಭ ಪಡೆದೆನಲ್ಲ ಎಂದು ಆಮೇಲೆ ಎಷ್ಟೋ ದಿನ ಬೇಜಾರಾಗಿತ್ತು.

ಹೀಗೆ ಬರೆ: ಬೋರ್ಡಿನಲ್ಲಿ ಪ್ರವಾಸಿ ಮಂದಿರ ಎಂದಿತ್ತು, ಪ್ರವಾಸಿಗಳು ಬಂದರು, ತೆಗೆದೆ. ಬೋರ್ಡು ತಪ್ಪಾಗಿದ್ದರೆ ಅದು ನನ್ನ ಮಗಳ ತಪ್ಪು. ನನ್ನ ಮೇಲೆ ಹಾಕು ಅಪ್ಪ. ಹನ್ನೊಂದು ವರ್ಷದ ಹುಡುಗಿಯನ್ನು ಯಾವ ಇಲಾಖೆಯೂ ಸಸ್ಪೆಂಡ್ ಮಾಡಲಾರದು.

ರಜೆ ಕೇಳಿದೆ, ಸಿಗಲಿಲ್ಲ. ಓಬುಳಪ್ಪನವರಿಗೆ ಬರೆದಿದ್ದೇನೆ.

ಮೂಕಮ್ಮ


ಹೊನ್ನಾಳಿ
2 ಸೆಪ್ಟೆಂಬರ್ 1981
(ಕಾರ್ಡು)

ಉತ್ತರ ಬರೆದು ಕಳಿಸಿದೆ. ನಾಗೇಂದ್ರಪ್ಪನದಲ್ಲ, ನನ್ನದೇ. ಕಾರ್ಡನ್ನು ಪೋಸ್ಟ್‌ಮನ್ನೂ ಓದುತ್ತಾನೆ, ಆದ್ದರಿಂದ ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ. ನಿನ್ನವ್ವ ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದಳು. ಬಿಚ್ಚಿಸಿದ್ದೇನೆ.

ಚಿ. ಹನುಮಂತಪ್ಪ


ಜಗಳೂರು
19 ಸೆಪ್ಟೆಂಬರ್ 1981

ಅಪ್ಪ,

ಹದಿನೇಳು ದಿನವಾಯಿತು. ದಿನಾ ನಿಮ್ಮ ಹೊನ್ನಾಳಿಗೆ ಹತ್ತಾರು ಲೈನು ಕೊಡುತ್ತೇನೆ, ಊರವರೆಲ್ಲ ಮಾತಾಡಿಕೊಳ್ಳುತ್ತಾರೆ, ನನಗೆ ಬೇಕಾದ ಒಂದು ಸುದ್ದಿ ಮಾತ್ರ ಯಾರ ಬಾಯಲ್ಲೂ ಇಲ್ಲ. ಕೆಲಸ ಹೋದರೆ ಹೋಗಲಿ. ಇಲ್ಲಿ ನನ್ನ ಬಾಡಿಗೆ ಮನೆಗೆ ಎರಡು ಕೋಣೆ ಇದೆ, ಚೀಟಿ ಬೇಕಿಲ್ಲ. ಏನಾಯಿತು ಎಂದು ಮಾತ್ರ ಬರೆ.

ಮೂಕಮ್ಮ


ಹೊನ್ನಾಳಿ
4 ಅಕ್ಟೋಬರ್ 1981

ಮೂಕವ್ವಾ,

ತಡವಾಗಿದ್ದಕ್ಕೆ ಬೈದುಕೋ. ಮುಗಿಯದೆ ಬರೆಯಬಾರದು ಎಂದು ಕಾದೆ. ಮುಗಿಯಿತು.

ಮೊನ್ನೆ ಗುರುವಾರ ದೊಡ್ಡ ಸಾಹೇಬರು ಬಂದರು. ಮೆಮೊ ಕೊಡಿಸಿದವರಲ್ಲ, ಅವರಿಗಿಂತ ಮೇಲಿನವರು, ಈ ಕಡೆಗೆ ಹೊಸಬರು. ಕೈಯಲ್ಲಿ ನನ್ನ ಉತ್ತರವಿತ್ತು, ಧರ್ಮಾವರದಿಂದ ಬಂದ ಒಂದು ಅರ್ಜಿಯಿತ್ತು. ಅದರಲ್ಲಿ ಚಿಕ್ಕ ಮಕ್ಕಳ ಹೆಬ್ಬೆಟ್ಟೂ ಸೇರಿ ನಲವತ್ತೊಂದು ಗುರುತು. ಜೊತೆಗೆ ದಾರದಲ್ಲಿ ಕಟ್ಟಿದ ಹದಿನೇಳನೇ ನಂಬರಿನ ಬಿಲ್ಲೆ. ಹಾಲು ಕುಡಿಯುವ ಕೂಸಿನ ಕೊರಳಲ್ಲಿತ್ತಂತೆ, ಬಿಚ್ಚಲು ಮರೆತಿದ್ದರಂತೆ.

ಸಾಹೇಬರು ಕೂಡಲೇ ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಬೋರ್ಡು ನೋಡಿದರು. “ಇದು ತಪ್ಪಲ್ವೇನ್ರಿ? ಇದು ಪರಿವೀಕ್ಷಣಾ ಮಂದಿರ” ಎಂದರು. ನಾನು ಹೇಳಿದೆ, “ತಪ್ಪಿದ್ರೆ ನಂದೇ ಸಾರ್, ನಾನೇ ಬರೆಸಿದ್ದು. ಆದ್ರೆ ಹನ್ನೆರಡು ವರ್ಷದಾಗೆ ಎಷ್ಟೋ ಸಾಹೇಬ್ರು ಇದರ ಕೆಳಗೇ ಹಾದು ಹೋಗ್ಯಾರೆ, ಯಾರೂ ಓದಿಲ್ಲ. ಓದಿದೋರು ಆ ಬಸ್ಸಿನೋರು ಮಾತ್ರ. ಓದಿ ಬಂದೋರಿಗೆ ಇಲ್ಲ ಅನ್ನಾಕೆ ನನಗೆ ಬಾಯಿ ಬರಲಿಲ್ಲ.” ಸಾಹೇಬರು ನಕ್ಕರು. ನಾಗೇಂದ್ರಪ್ಪನಿಗೆ ಜೀವ ಬಂತು. ಮೆಮೊ ಮುಕ್ತಾಯ ಮಾಡಿ ಎಂದು ಅಲ್ಲೇ ಬರೆದರು. ಬೋರ್ಡು ಹಾಗೇ ಇರಲಿ, ನೀರು ಬಂದಾಗ ಯಾರು ಬಂದರೂ ತೆಗೆಯಿರಿ, ಚೀಟಿ ಆಮೇಲೆ ಬರಲಿ ಎಂದರು.

ಈಗ ನಿನ್ನ ಗುಟ್ಟಿನ ವಿಷಯ. ಉತ್ತರದಲ್ಲಿ ನಿನ್ನ ಹೆಸರು ಬರೆಯಲಿಲ್ಲ. ಬರೆದಿದ್ದರೆ ಸುಳ್ಳಾಗುತ್ತಿತ್ತು. ಆ ಚೀಟಿ ಓದಲು ನನಗೆ ಬರುತ್ತಿತ್ತು ಮೂಕವ್ವಾ. ನಾನು ನಾಲ್ಕನೇ ಕ್ಲಾಸು ಪಾಸಾದವನು. ಸಂಜೆ ಸಂಜೆ ನೀನು ಸ್ಲೇಟು ಹಿಡಿದು, ಅಪ್ಪನಿಗೆ ಅಕ್ಷರ ಕಲಿಸುತ್ತೇನೆ ಎಂದು ಬರುತ್ತಿದ್ದೆಯಲ್ಲ, ಆ ಹೊತ್ತು ತಪ್ಪಬಾರದು ಎಂದು ಬಾರದವನ ಹಾಗೆ ಕೂರುತ್ತಿದ್ದೆ. ಎಷ್ಟು ಸಲ ನಿನ್ನಿಂದ ಕಿವಿ ಹಿಂಡಿಸಿಕೊಂಡಿದ್ದೇನೆ. ಅವತ್ತು ಹಲಗೆಯ ಮೇಲೆ ನೀನು ಬರೆದದ್ದನ್ನು ಓದಿದೆ, ಜೇಬಿನಲ್ಲಿದ್ದ ಚೀಟಿಯನ್ನೂ ಓದಿದೆ. ನಿನ್ನದೇ ಚೆನ್ನಾಗಿತ್ತು. ಪರಿವೀಕ್ಷಣೆ ಮಾಡುವವರು ಬೋರ್ಡು ಇಲ್ಲದಿದ್ದರೂ ಬರುತ್ತಾರೆ ಎಂದುಕೊಂಡು, ಬಣ್ಣ ತುಂಬು ಎಂದು ತಿಪ್ಪೇಶಪ್ಪನಿಗೆ ಹೇಳಿದವನು ನಾನೇ. ಇಷ್ಟು ವರ್ಷ ನೀನು ಇದಕ್ಕೆ ಬೇಜಾರು ಮಾಡಿಕೊಂಡಿದ್ದೆ ಎಂದು ತಿಳಿದು ನನಗೆ ತುಂಬ ನೋವಾಯಿತು.

ಸಾಹೇಬರು ಒಳಗೆ ಬಂದ ಮೇಲೆ ಇನ್ನೊಂದು ನಡೆಯಿತು. ಆ ಐದು ದಿನ ಏನೇನು ಮಾಡಿದಿರಿ ಹೇಳಿ, ಹೊಳೆ ದಂಡೆಯ ಎಲ್ಲ ಬಂಗಲೆಗಳಿಗೂ ಬರೆದು ಕಳಿಸಬೇಕು ಎಂದರು ಸಾಹೇಬರು. ಬಿಲ್ಲೆ, ಬಸ್ಸಿನ ಕೀಲಿ, ಮೆಟ್ಟಿಲ ಗೆರೆ, ಕಾಯಿಸಿದ ನೀರು, ಎಲ್ಲ ಹೇಳಿದೆ. ನಾಗೇಂದ್ರಪ್ಪ ಬರೆದುಕೊಂಡ. ಒಲೆ ಹಚ್ಚಿದವರು ಗಿಡ್ಡಮ್ಮ ಎಂದೂ ಬರೆಸಿದೆ. ಹೇಳುವುದು ಉದ್ದವಾಯಿತು. “ನಿಂತೇ ಎಷ್ಟು ಹೊತ್ತು ಹೇಳ್ತೀರಿ, ಕೂತ್ಕೊಳ್ರಿ” ಎಂದು ಒಂದನೇ ಕೋಣೆಯ ಕುರ್ಚಿ ತೋರಿಸಿದರು. ಕೂತೆ.

ಯುಗಾದಿಯ ಮರುದಿನ ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಒರೆಸಿದ ಕುರ್ಚಿ, ಅದರ ಹಿಂದಿನ ಎಡಗಾಲು ಗಿಡ್ಡ, ಕೂತರೆ ಅಲುಗಾಡುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಅಷ್ಟು ಜನ ಸಾಹೇಬರು ಅದರಲ್ಲಿ ಅಲುಗಾಡಿಕೊಂಡೇ ಕೂತಿದ್ದರಲ್ಲ ಎಂದು ನಗು ಬಂತು, ತಡೆದುಕೊಂಡೆ.

ದೀಪಾವಳಿಗೆ ರಜೆ ಹಾಕಿ ಬಾ. ಬಂದು ನೀನೂ ಒಮ್ಮೆ ಕೂತು ನೋಡು, ಈಗ ಅಲುಗಾಡುವುದಿಲ್ಲ. ಕಾಲಿನ ಕೆಳಗೆ ಒಂದು ಕಾಗದ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೇನೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು ಎಂದು ಅದರಲ್ಲಿ ಬರೆದಿದೆ.

ನಿನ್ನ ಅಪ್ಪ